ಕಲ್ಲು ಕಾಯಿಸಿ ಎಣ್ಣೆಯ ಲೆಕ್ಕ ಹಿಡಿಯುವುದು: ರಾಕ್-ಇವಾಲ್ ಪರೀಕ್ಷೆ, ಹಂತ ಹಂತವಾಗಿ

ಕೊರೆದ ಬಾವಿಯಿಂದ ಬಂದ ಒಂದು ಹಿಡಿ ಕಪ್ಪು ಕಲ್ಲಿನ ಚೂರು ನಿಮ್ಮ ಮುಂದಿದೆ ಅಂದುಕೊಳ್ಳಿ. ನೋಡಲು ಒದ್ದೆ ಇದ್ದಿಲಿನ ಪುಡಿಯ ಹಾಗಿದೆ. ನಿಮ್ಮ ಗೈಡ್ ಕೇಳುವುದು ಮೂರೇ ಪ್ರಶ್ನೆ. ಈ ಕಲ್ಲಿನಲ್ಲಿ ಜೀವಿಗಳಿಂದ ಬಂದ ಇಂಗಾಲ ಎಷ್ಟಿದೆ? ಅದು ಎಣ್ಣೆ ಕೊಡುವ ಜಾತಿಯದೋ, ಗ್ಯಾಸ್ ಕೊಡುವ ಜಾತಿಯದೋ? ನೆಲದೊಳಗೆ ಅದು ಎಷ್ಟು ಬೆಂದಿದೆ?

ಈ ಮೂರಕ್ಕೂ ಒಂದೇ ಓಟದಲ್ಲಿ ಮೊದಲ ಉತ್ತರ ಕೊಡುವ ವಿಧಾನ ರಾಕ್-ಇವಾಲ್ ಪೈರಾಲಿಸಿಸ್. ಫ್ರಾನ್ಸಿನ ಪೆಟ್ರೋಲಿಯಂ ಸಂಸ್ಥೆಯಲ್ಲಿ ಎಸ್ಪಿಟಾಲಿಯೆ ಮತ್ತು ಅವರ ಜೊತೆಗಾರರು ಇದನ್ನು ಬೆಳೆಸಿ 1977ರಲ್ಲಿ ಪ್ರಕಟಿಸಿದರು. 1996ರಲ್ಲಿ ರಾಕ್-ಇವಾಲ್ 6 ಬಂತು. ನಮ್ಮ ದೇಶದಲ್ಲಿ ಡೆಹ್ರಾಡೂನಿನಲ್ಲಿರುವ ಒಎನ್‌ಜಿಸಿಯ ಕೇಶವದೇವ ಮಾಳವೀಯ ಸಂಸ್ಥೆಯೂ ಸೇರಿದಂತೆ ಹಲವು ಕಡೆ ಈ ಯಂತ್ರ ಓಡುತ್ತದೆ. ಜಿಯಾಲಜಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಥವಾ ಮೊದಲ ಕೆಲಸಕ್ಕೆ ಇದನ್ನು ಹಿಡಿದವರಿಗಾಗಿ ಈ ಲೇಖನ. ಉದಾಹರಣೆಗೆ ಗುಜರಾತಿನ ಕ್ಯಾಂಬೇ ಶೇಲ್ ಇಟ್ಟುಕೊಳ್ಳುತ್ತೇನೆ. ಶೇಲ್ ಅಂದರೆ ಜೇಡಿಮಣ್ಣು ಗಟ್ಟಿಯಾಗಿ ಆದ ಪದರಗಲ್ಲು.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಯಂತ್ರ ಕೊಡುವ ಅಂಕಿಗಳ ಹಾಳೆಯನ್ನು ಮೊದಲು ನೋಡಬೇಡಿ. ಅದು ಬರೆಯುವ ಗೆರೆಯನ್ನು ನೋಡಿ. ಪೈರೋಗ್ರಾಮ್ ಅಂತಾರಲ್ಲ, ಅದನ್ನು. ಅಂಕಿ ಮೋಸ ಹೋಗುವ ಜಾಗದಲ್ಲಿ ಗೆರೆ ಸುಳಿವು ಕೊಟ್ಟಿರುತ್ತದೆ.

ಯಂತ್ರ ಒಳಗೆ ಏನು ಮಾಡುತ್ತದೆ

ನೆಲದೊಳಗೆ ಎಣ್ಣೆ ಹುಟ್ಟುವುದು ಹೆಚ್ಚುಕಡಿಮೆ 60ರಿಂದ 150 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಲಕ್ಷಾಂತರ, ಕೋಟ್ಯಂತರ ವರ್ಷಗಳಲ್ಲಿ. ಲ್ಯಾಬಿನಲ್ಲಿ ಅಷ್ಟು ದಿನ ಕಾಯುವವರು ಯಾರು? ಅದಕ್ಕೇ ಸಮಯ ಇಳಿಸಿ ಬಿಸಿ ಏರಿಸುತ್ತೇವೆ. ಗಾಳಿ ಇದ್ದರೆ ಕಲ್ಲಿನಲ್ಲಿರುವುದು ಸುಟ್ಟುಹೋಗುತ್ತದೆ, ಆದ್ದರಿಂದ ನೈಟ್ರೋಜನ್ ಹರಿಸುತ್ತಾ ಕಾಯಿಸುತ್ತೇವೆ. ಪೈರಾಲಿಸಿಸ್ ಅಂದರೆ ಇಷ್ಟೇ, ಉರಿಯಗೊಡದೆ ಕಾಯಿಸಿ ಒಡೆಯುವುದು.

ಕಲ್ಲಿನಲ್ಲಿ ಎರಡು ಬಗೆಯ ಸರಕು ಇರುತ್ತದೆ. ಒಂದು, ಈಗಾಗಲೇ ಎಣ್ಣೆಯಾಗಿ ಸಣ್ಣ ಸಣ್ಣ ತೂತುಗಳಲ್ಲಿ ಕೂತಿರುವುದು. ಇನ್ನೊಂದು, ಇನ್ನೂ ಎಣ್ಣೆಯಾಗದ, ಯಾವ ದ್ರಾವಕಕ್ಕೂ ಕರಗದ ಗಟ್ಟಿ ವಸ್ತು. ಅದರ ಹೆಸರು ಕೆರೋಜೆನ್.

ಮೊದಲು 300 ಡಿಗ್ರಿಯಲ್ಲಿ ಮೂರು ನಿಮಿಷ ಹಿಡಿಯುತ್ತದೆ. ಕೂತಿದ್ದ ಎಣ್ಣೆ ಆವಿಯಾಗಿ ಬರುತ್ತದೆ. ಅದು ಎಸ್1. ಆಮೇಲೆ ನಿಮಿಷಕ್ಕೆ 25 ಡಿಗ್ರಿಯಂತೆ 650ರವರೆಗೆ ಏರಿಸುತ್ತದೆ. ಆಗ ಕೆರೋಜೆನ್ ಒಡೆದು ಹೊಸದಾಗಿ ಹೈಡ್ರೋಕಾರ್ಬನ್ ಬರುತ್ತದೆ. ಅದು ಎಸ್2. ಈ ಎರಡನ್ನೂ ಅಳೆಯುವುದು ಎಫ್‌ಐಡಿ, ಅಂದರೆ ಹೈಡ್ರೋಜನ್ ಜ್ವಾಲೆಯ ಡಿಟೆಕ್ಟರ್. ಕೆರೋಜೆನ್ನಿನ ಆಮ್ಲಜನಕ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಸುಮಾರು 400 ಡಿಗ್ರಿವರೆಗೆ ಬಂದದ್ದನ್ನು ಮಾತ್ರ ಎಸ್3 ಎಂದು ಲೆಕ್ಕ ಹಿಡಿಯುತ್ತಾರೆ. ಅದಕ್ಕಿಂತ ಮೇಲೆ ಸುಣ್ಣದ ಖನಿಜಗಳು ಒಡೆದು ಅದೇ ಗ್ಯಾಸ್ ಬಿಡಲು ಶುರು ಮಾಡುತ್ತವೆ, ಯಾರದು ಯಾವುದು ಎಂದು ಗೊತ್ತಾಗುವುದಿಲ್ಲ.

ಪೈರಾಲಿಸಿಸ್ ಮುಗಿದ ಮೇಲೆ ಪುಡಿ ಇರುವ ಪುಟ್ಟ ಬಟ್ಟಲು, ಅಂದರೆ ಕ್ರೂಸಿಬಲ್, ಇನ್ನೊಂದು ಓವನ್ನಿಗೆ ಹೋಗುತ್ತದೆ. ಅಲ್ಲಿ ಗಾಳಿ ಬಿಟ್ಟು 850 ಡಿಗ್ರಿವರೆಗೆ ಸುಡುತ್ತಾರೆ. ಹೈಡ್ರೋಕಾರ್ಬನ್ ಕೊಡದೆ ಉಳಿದ ಇಂಗಾಲವೂ ಲೆಕ್ಕಕ್ಕೆ ಬರುತ್ತದೆ. ಎರಡು ಓವನ್ನಿನ ಇಂಗಾಲ ಕೂಡಿಸಿದರೆ ಒಟ್ಟು ಜೈವಿಕ ಇಂಗಾಲ, ಅಂದರೆ ಟಿಒಸಿ. ಎರಡೂ ಸೇರಿ ಒಂದು ಸ್ಯಾಂಪಲ್‌ಗೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ.

ಮೊದಲ ಹಂತ: ಚೂರು ಆರಿಸುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇದೇ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಕಲ್ಲಿಗೆ ಆ ಮಾತು ನಡೆಯುವುದಿಲ್ಲ. ಯಂತ್ರಕ್ಕೆ ಹೋಗುವುದು 60–70 ಮಿಲಿಗ್ರಾಂ ಪುಡಿ. ಅಷ್ಟು ಪುಡಿ ಹತ್ತಾರು ಮೀಟರ್ ದಪ್ಪದ ಪದರದ ಪರವಾಗಿ ಮಾತಾಡಬೇಕು.

ಬಾವಿಯಿಂದ ಬರುವುದು ಬಹುಪಾಲು ಕಟಿಂಗ್ಸ್, ಅಂದರೆ ಕೊರೆಯುವಾಗ ಪುಡಿಯಾಗಿ ಮೇಲೆ ಬಂದ ಚೂರು. ಕೋರ್, ಅಂದರೆ ಇಡಿಯಾಗಿ ಕೊರೆದು ತೆಗೆದ ಕಲ್ಲಿನ ಕಂಬ, ಸಿಕ್ಕರೆ ಪುಣ್ಯ. ಕಟಿಂಗ್ಸ್‌ನಲ್ಲಿ ನಿಮಗೆ ಬೇಕಾದ ಆಳದ ಚೂರಿನ ಜೊತೆ ಮೇಲಿನ ಗೋಡೆಯಿಂದ ಉದುರಿದ ಚೂರೂ ಬಂದಿರುತ್ತದೆ. ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವಕ್ಕೆ ಮಡ್ ಅಂತಾರೆ, ಅದಕ್ಕೆ ಹಾಕಿದ ಸಾಮಾನೂ ಇರುತ್ತದೆ. ಬಾವಿಯಲ್ಲಿ ಮಡ್ ಸೋರುವಾಗ ಅಕ್ರೋಟ್ ಸಿಪ್ಪೆ, ಮೈಕಾ ಚೂರು ಹಾಕುವುದುಂಟು. ಮಡ್ ತೆಳುವಾಗಿ ಇರಲಿ ಎಂದು ಲಿಗ್ನೈಟ್ ಪುಡಿ ಬೆರೆಸುವುದೂ ಉಂಟು. ಸಿಪ್ಪೆಯೂ ಲಿಗ್ನೈಟೂ ಜೈವಿಕ ಇಂಗಾಲವೇ. ಯಂತ್ರಕ್ಕೆ ಇದು ಕಲ್ಲಿನದೋ ಅಕ್ರೋಟಿನದೋ ಗೊತ್ತಾಗುವುದಿಲ್ಲ. ಅಕ್ರೋಟ್ ಸಿಪ್ಪೆಯ ಒಂದು ಚೂರು ಪುಡಿಯಲ್ಲಿ ಸೇರಿದರೂ ಆ ಸ್ಯಾಂಪಲ್ ಕೆಟ್ಟಂತೆಯೇ.

ಆದ್ದರಿಂದ ಹೀಗೆ ಮಾಡಿ. ಬಾವಿಯ ಮಡ್ ಯಾವುದು ಎಂದು ಮೊದಲು ಕೇಳಿ ಬರೆದುಕೊಳ್ಳಿ. ನೀರಿನ ಮಡ್ ಆದರೆ ಚೂರನ್ನು ತಣ್ಣೀರಿನಲ್ಲಿ ಜರಡಿ ಹಿಡಿದು ತೊಳೆಯಿರಿ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು, ಆದರೆ ಉಜ್ಜಬಾರದು. ಮೆತ್ತಗಿನ ಶೇಲ್ ಉಜ್ಜಿದರೆ ನೀರಿನ ಜೊತೆ ಹೊರಟೇಹೋಗುತ್ತದೆ. ಡೀಸೆಲ್ ಅಥವಾ ಬೇರೆ ಎಣ್ಣೆಯ ಮಡ್ ಆಗಿದ್ದರೆ ಎಸ್1ನ ಆಸೆ ಆಗಲೇ ಬಿಡಿ. ಅದನ್ನು ಹೇಗೆ ನಿಭಾಯಿಸುವುದು ಎಂದು ಮುಂದೆ ಹೇಳುತ್ತೇನೆ.

ತೊಳೆದದ್ದನ್ನು ತಟ್ಟೆಯಲ್ಲಿ ಹರಡಿ, 40 ಡಿಗ್ರಿ ಮೀರದ ಬಿಸಿಯಲ್ಲಿ ಒಣಗಿಸಿ. ಬೇಗ ಆಗಲಿ ಎಂದು 110 ಡಿಗ್ರಿ ಓವನ್ನಿಗೆ ತಳ್ಳಬೇಡಿ. ಎಸ್1ನ ಹಗುರ ಭಾಗ ಅಲ್ಲೇ ಹಾರಿಹೋಗುತ್ತದೆ. ಒಣಗಿದ ಮೇಲೆ ಆಯಸ್ಕಾಂತ ಆಡಿಸಿ ಕೊರೆಯುವ ಬಿಟ್ಟಿನ ಕಬ್ಬಿಣದ ಚೂರು ತೆಗೆಯಿರಿ. ಅತಿ ದೊಡ್ಡ ಚೂರುಗಳನ್ನು ಅನುಮಾನದಿಂದ ನೋಡಿ. ಅವು ಹೆಚ್ಚಾಗಿ ಮೇಲಿನಿಂದ ಉದುರಿದವು.

ಇನ್ನು ಮೈಕ್ರೋಸ್ಕೋಪ್ ಕೆಳಗೆ ಕೂತು, ಚಿಮಟದಿಂದ ಒಂದೊಂದೇ ಚೂರು ಆರಿಸಿ. ಮನೆಯಲ್ಲಿ ಅಕ್ಕಿ ಆರಿಸುವ ಹಾಗೆಯೇ, ಬೆರಳಿನ ಬದಲು ಚಿಮಟ. ಮಂದವಾದ ಬೂದುಗಪ್ಪು ಶೇಲ್ ಒಂದು ಕಡೆ. ಫಳಫಳ ಹೊಳೆಯುವ ಕಲ್ಲಿದ್ದಲು ಇನ್ನೊಂದು ಕಡೆ. ನಾರು ನಾರಾಗಿ, ಕಂದಾಗಿ ಕಂಡದ್ದು ಕಸದ ಬುಟ್ಟಿಗೆ. ಮೊದಲ ದಿನ ಒಂದು ಸ್ಯಾಂಪಲ್‌ಗೆ ಒಂದು ಗಂಟೆ ಹಿಡಿಯಬಹುದು. ಒಂದು ವಾರದಲ್ಲಿ ಕಣ್ಣು ಪಳಗುತ್ತದೆ.

ಕ್ಯಾಂಬೇ ಶೇಲ್‌ನಲ್ಲಿ ಈ ಬೇರ್ಪಡಿಸುವಿಕೆ ಬಹಳ ಮುಖ್ಯ. ಅದರಲ್ಲಿ ಶೇಲ್ ಜೊತೆ ಕಲ್ಲಿದ್ದಲು, ಲಿಗ್ನೈಟ್ ಪದರಗಳೂ ಇವೆ. ಶೇಲ್ ಎಂದುಕೊಂಡು ಕಲ್ಲಿದ್ದಲು ಬೆರೆತ ಪುಡಿ ಹಾಕಿದರೆ ಟಿಒಸಿ ಶೇಕಡಾ 2 ಇರಬೇಕಾದದ್ದು 15 ತೋರಿಸುತ್ತದೆ. ಆ ಅಂಕಿ ನೋಡಿ ಖುಷಿಪಟ್ಟರೆ ಇಡೀ ಬೇಸಿನ್ನಿನ (ಪದರಗಳು ತುಂಬಿದ ಆ ದೊಡ್ಡ ತಗ್ಗಿನ) ಲೆಕ್ಕ ತಪ್ಪುತ್ತದೆ.

ನೆಲದ ಮೇಲೆ ಕಾಣುವ ಬಂಡೆಯಿಂದ ಸ್ಯಾಂಪಲ್ ತರುವುದಾದರೆ ಬರಿ ಮೇಲ್ಮೈ ಕೆರೆಯಬೇಡಿ. ಬಿಸಿಲು, ಮಳೆ, ಗಾಳಿಗೆ ಸಿಕ್ಕ ಕೆರೋಜೆನ್ ಆಮ್ಲಜನಕ ಹೀರಿಕೊಂಡಿರುತ್ತದೆ. ಎಸ್2 ಇಳಿಯುತ್ತದೆ, ಎಸ್3 ಏರುತ್ತದೆ, ಒಳ್ಳೆಯ ಕಲ್ಲು ಬಡಕಲಾಗಿ ಕಾಣುತ್ತದೆ. ಅಗೆದು, ತಾಜಾ ಕಲ್ಲು ಸಿಕ್ಕ ಮೇಲೆ ಸುತ್ತಿಗೆ ಹಾಕಿ.

ಎರಡನೇ ಹಂತ: ಪುಡಿ, ತೂಕ, ಕ್ರೂಸಿಬಲ್

ಅಗೇಟ್ ಒರಳಿನಲ್ಲಿ ಕೈಯಲ್ಲೇ ಅರೆಯಿರಿ. ಯಂತ್ರದಲ್ಲಿ ಅರೆಯುವುದಾದರೆ ನಿಲ್ಲಿಸಿ ನಿಲ್ಲಿಸಿ, ಪುಡಿ ಬಿಸಿಯಾಗದಂತೆ. 250 ಮೈಕ್ರಾನ್ ಜರಡಿ ದಾಟಿದರೆ ಸಾಕು. ಮೈದಾ ಹಿಟ್ಟಿನಷ್ಟು ನುಣ್ಣಗೆ ಮಾಡಬೇಡಿ. ಎರಡು ಸ್ಯಾಂಪಲ್ ನಡುವೆ ಒರಳನ್ನು ಸ್ವಚ್ಛ ಮರಳು ಹಾಕಿ ಅರೆದು, ಒರೆಸಿ, ದ್ರಾವಕದಿಂದ ತೊಳೆಯಿರಿ. ಹಿಂದಿನ ಕಲ್ಲಿನ ವಾಸನೆಯೂ ಮುಂದಿನದಕ್ಕೆ ಹೋಗಬಾರದು.

ಕ್ರೂಸಿಬಲ್ ಒಂದು ಪುಟ್ಟ ಲೋಹದ ಬಟ್ಟಲು, ಕಿರುಬೆರಳ ತುದಿಯಷ್ಟು. ಒಳಗೆ ಗ್ಯಾಸ್ ಹರಿಯಲಿ ಎಂದು ಸಣ್ಣ ಸಣ್ಣ ತೂತುಗಳಿರುತ್ತವೆ. ಬಳಸುವ ಮೊದಲು ಖಾಲಿಯಾಗಿಯೇ ಕಾಯಿಸಿ ಸುಟ್ಟು ಶುದ್ಧ ಮಾಡಬೇಕು. ಆಮೇಲೆ ಬೆರಳಿನಿಂದ ಮುಟ್ಟಬೇಡಿ, ಚಿಮಟದಿಂದಲೇ ಹಿಡಿಯಿರಿ. ಬೆರಳಿನ ಜಿಡ್ಡೂ ಎಣ್ಣೆಯೇ ಅಲ್ವಾ? ಎಸ್1 ಕಡಿಮೆ ಇರುವ ಕಲ್ಲಿನಲ್ಲಿ ಆ ಜಿಡ್ಡು ಗೆರೆಯ ಮೇಲೆ ಕಾಣುತ್ತದೆ.

ಸಾಮಾನ್ಯ ಶೇಲ್‌ಗೆ 60–70 ಮಿಲಿಗ್ರಾಂ ತೂಗಿ. ಕಲ್ಲಿದ್ದಲಿಗೆ ಅಥವಾ ಎಣ್ಣೆ ಶೇಲ್‌ಗೆ ಅಷ್ಟು ಹಾಕಿದರೆ ಡಿಟೆಕ್ಟರ್ ತುಂಬಿಹೋಗುತ್ತದೆ. ಎಸ್2 ಗುಡ್ಡದ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತದೆ. ಅಂಥವಕ್ಕೆ 5–10 ಮಿಲಿಗ್ರಾಂ ಸಾಕು. ತೂಕವನ್ನು ಮಿಲಿಗ್ರಾಮಿನ ಹತ್ತನೇ ಒಂದರವರೆಗೆ ಬರೆದಿಡಿ. ಮುಂದಿನ ಎಲ್ಲ ಲೆಕ್ಕವೂ ಆ ತೂಕದ ಮೇಲೇ ನಿಂತಿದೆ.

ಮೂರನೇ ಹಂತ: ಮೊದಲು ಸ್ಟ್ಯಾಂಡರ್ಡ್, ಆಮೇಲೆ ನಿಮ್ಮ ಕಲ್ಲು

ದಿನದ ಮೊದಲ ಓಟ ಖಾಲಿ ಕ್ರೂಸಿಬಲ್. ಗೆರೆ ನೇರವಾಗಿ ಮಲಗಿರಬೇಕು. ಎರಡನೆಯದು ಸ್ಟ್ಯಾಂಡರ್ಡ್, ಅಂದರೆ ಅಂಕಿಗಳು ಮೊದಲೇ ಗೊತ್ತಿರುವ ಪುಡಿ. ಹೆಚ್ಚು ಲ್ಯಾಬುಗಳಲ್ಲಿ ಐಎಫ್‌ಪಿ 160000 ಎಂಬ ಪುಡಿ ಬಳಸುತ್ತಾರೆ. ಅದರ ಎಸ್2 ಒಂದು ಗ್ರಾಂ ಕಲ್ಲಿಗೆ 12.43 ಮಿಲಿಗ್ರಾಂ, ಟಿಮ್ಯಾಕ್ಸ್ (ಎಸ್2 ತುದಿ ಮುಟ್ಟುವಾಗಿನ ಬಿಸಿಯ ಅಂಕಿ) 416 ಡಿಗ್ರಿ. ಟಿಮ್ಯಾಕ್ಸ್ ಎರಡು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಸರಿದರೆ ನಿಮ್ಮ ಸ್ಯಾಂಪಲ್ ಹಾಕಬೇಡಿ, ಯಂತ್ರ ಸರಿಮಾಡಿ. ಹತ್ತು ಸ್ಯಾಂಪಲ್ ಆದ ಮೇಲೆ ಮತ್ತೆ ಸ್ಟ್ಯಾಂಡರ್ಡ್. ಕೊನೆಗೂ ಒಂದು. ಲ್ಯಾಬಿಗೆ ಕಳಿಸಿ ಮಾಡಿಸುವವರಾದರೆ ಆ ದಿನದ ಸ್ಟ್ಯಾಂಡರ್ಡ್ ಓಟಗಳ ಫಲಿತಾಂಶವನ್ನೂ ಕೇಳಿ ಪಡೆಯಿರಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಟಿಮ್ಯಾಕ್ಸ್ ಬಗ್ಗೆ ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು, ಬಹಳ ಜನ ಎಡವುವ ಜಾಗ ಇದು. ಎಸ್2 ಗುಡ್ಡದ ತುದಿ ಬಂದಾಗ ಇರುವ ಬಿಸಿಯೇ ಟಿಮ್ಯಾಕ್ಸ್ ಎಂದು ಓದಿರುತ್ತೇವೆ. ಆದರೆ ರಾಕ್-ಇವಾಲ್ 6ರಲ್ಲಿ ಬಿಸಿ ಅಳೆಯುವ ಥರ್ಮೋಕಪಲ್ ಕ್ರೂಸಿಬಲ್‌ಗೆ ತಾಗಿಕೊಂಡೇ ಇರುತ್ತದೆ, ನಿಜವಾದ ಬಿಸಿ ಹೇಳುತ್ತದೆ. ಆ ನಿಜವಾದ ಬಿಸಿ ಟಿಮ್ಯಾಕ್ಸ್‌ಗಿಂತ 35–40 ಡಿಗ್ರಿ ಹೆಚ್ಚಿರುತ್ತದೆ. ಹಳೆಯ ಯಂತ್ರಗಳಲ್ಲಿ ಥರ್ಮೋಕಪಲ್ ಬೇರೆ ಜಾಗದಲ್ಲಿತ್ತು, ಕಡಿಮೆ ತೋರಿಸುತ್ತಿತ್ತು. ಜಗತ್ತಿನ ಪಟ್ಟಿಗಳೆಲ್ಲ ಹಳೆಯ ಅಂಕಿಯ ಮೇಲೇ ಕಟ್ಟಿದ್ದವು. ಆದ್ದರಿಂದ ಹೊಸ ಯಂತ್ರವೂ ಸ್ಟ್ಯಾಂಡರ್ಡ್ ನೋಡಿಕೊಂಡು ಆ ವ್ಯತ್ಯಾಸ ಕಳೆದು ಟಿಮ್ಯಾಕ್ಸ್ ಕೊಡುತ್ತದೆ. ಅಂದರೆ ಟಿಮ್ಯಾಕ್ಸ್ ಒಂದು ಒಪ್ಪಿಕೊಂಡ ಅಳತೆ. ನೆಲದೊಳಗಿನ ಬಿಸಿಯಂತೂ ಅಲ್ಲವೇ ಅಲ್ಲ. "ಈ ಕಲ್ಲು 440 ಡಿಗ್ರಿ ಬಿಸಿ ಕಂಡಿದೆ" ಎಂದು ವೈವಾದಲ್ಲಿ ಹೇಳಬೇಡಿ.

ನಾಲ್ಕನೇ ಹಂತ: ಗೆರೆ ಓದುವುದು

ಒಳ್ಳೆಯ ಗೆರೆ ಹೇಗಿರುತ್ತದೆ? ಎಡಗಡೆ ಒಂದು ಚೂಪು ಗುಡ್ಡ, ಎಸ್1. ಅದು ಪೂರ್ತಿ ಇಳಿದು ನೆಲ ಮುಟ್ಟುತ್ತದೆ. ಸ್ವಲ್ಪ ದೂರ ಬಯಲು. ಆಮೇಲೆ ಅಗಲವಾದ, ಒಂದೇ ತುದಿಯ ದೊಡ್ಡ ಗುಡ್ಡ, ಎಸ್2. ಅದೂ ಮೆಲ್ಲಗೆ ಇಳಿದು ನೆಲ ಮುಟ್ಟುತ್ತದೆ.

ಈಗ ಕೆಟ್ಟ ಗೆರೆಗಳು. ಎಸ್1 ನೆಲ ಮುಟ್ಟುವ ಮೊದಲೇ ಎಸ್2 ಏಳುತ್ತಿದ್ದರೆ ನಡುವೆ ಭಾರವಾದ ಎಣ್ಣೆ ಅಥವಾ ಮಡ್ಡಿನ ಎಣ್ಣೆ ಇದೆ. ಎಸ್2ಗೆ ಎರಡು ತಲೆ ಇದ್ದರೆ ಎರಡು ಬಗೆಯ ಸರಕು ಬೆರೆತಿದೆ. ಇಂಥ ಗೆರೆಯಲ್ಲಿ ಯಂತ್ರ ಎತ್ತರದ ತಲೆಯನ್ನೇ ಟಿಮ್ಯಾಕ್ಸ್ ಎಂದು ಹಿಡಿಯುತ್ತದೆ, ಅದು ತಪ್ಪು ತಲೆಯೂ ಆಗಿರಬಹುದು. ಎಸ್2 ಗುಡ್ಡವೇ ಅಲ್ಲ, ಬರಿ ಚಪ್ಪಟೆ ದಿಣ್ಣೆ ಎಂದಾದರೆ ಟಿಮ್ಯಾಕ್ಸ್ ಅಂಕಿಯನ್ನು ಹೊಡೆದುಹಾಕಿ. ಎಸ್2 ಗ್ರಾಂಗೆ 0.2 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಟಿಮ್ಯಾಕ್ಸ್ ನಂಬಬಾರದು. ಹಾಳೆಯಲ್ಲಿ ಮಾತ್ರ ಅದು ಬೇರೆ ಅಂಕಿಗಳಷ್ಟೇ ಠೀವಿಯಿಂದ ಕೂತಿರುತ್ತದೆ.

ನಾನು ಇದನ್ನು ಕಷ್ಟಪಟ್ಟು ಕಲಿತೆ. ಪ್ರಾಜೆಕ್ಟ್ ದಿನಗಳಲ್ಲಿ ಒಂದು ಬಾವಿಯ ನಲವತ್ತು ಸ್ಯಾಂಪಲ್‌ಗಳ ಹಾಳೆ ಬಂತು. ಗೆರೆಗಳನ್ನು ನೋಡದೆ ಎಲ್ಲವನ್ನೂ ಆಳದ ಮೇಲೆ ಪ್ಲಾಟ್ ಮಾಡಿದೆ. ಮಧ್ಯದಲ್ಲಿ ಟಿಮ್ಯಾಕ್ಸ್ ಥಟ್ಟನೆ ಮೂವತ್ತು ಡಿಗ್ರಿ ಇಳಿದಿತ್ತು. ಅಲ್ಲೊಂದು ಭ್ರಂಶ (ಪದರಗಳು ಮುರಿದು ಸರಿದ ಜಾಗ) ಇದೆ ಎಂದು ಎರಡು ಪುಟ ಬರೆದೆ. ಸೀನಿಯರ್ ಒಬ್ಬರು ಪಕ್ಕದಲ್ಲಿ ಕೂತು ಗೆರೆಗಳನ್ನು ಒಂದೊಂದಾಗಿ ತೆಗೆದರು. ಇಳಿದ ಜಾಗದ ಎಲ್ಲ ಗೆರೆಗಳಲ್ಲೂ ಎರಡು ತಲೆ. ಅವರು ಕೇಳಿದ್ದು ಒಂದೇ ಮಾತು: "ಇಲ್ಲಿ ಮಡ್ ಬದಲಾಯಿಸಿದರಾ ನೋಡಮ್ಮ." ಬಾವಿಯ ದಿನಚರಿ ತೆಗೆದರೆ ಅದೇ ಆಳದಿಂದ ಎಣ್ಣೆ ಮಡ್ ಶುರುವಾಗಿತ್ತು. ಆ ಎರಡು ಪುಟ ಹರಿದುಹಾಕಿದೆ. ಅಂದಿನಿಂದ ಗೆರೆ ನೋಡದೆ ಒಂದು ಅಂಕಿಯನ್ನೂ ಪ್ಲಾಟಿಗೆ ಹಾಕಿಲ್ಲ.

ಐದನೇ ಹಂತ: ಲೆಕ್ಕ

ಲೆಕ್ಕ ಸುಲಭ. ತೋರಿಸಲು ಒಂದು ಸ್ಯಾಂಪಲ್ ಕಲ್ಪಿಸಿಕೊಳ್ಳೋಣ. ಎಸ್1 0.60, ಎಸ್2 7.20, ಎಸ್3 0.90 (ಎಲ್ಲವೂ ಒಂದು ಗ್ರಾಂ ಕಲ್ಲಿಗೆ ಮಿಲಿಗ್ರಾಂ), ಟಿಒಸಿ ಶೇಕಡಾ 2.40, ಟಿಮ್ಯಾಕ್ಸ್ 438.

ಹೈಡ್ರೋಜನ್ ಸೂಚ್ಯಂಕ: ಎಸ್2 ಭಾಗಿಸು ಟಿಒಸಿ, ಗುಣಿಸು 100. ಬಂದದ್ದು 300.
ಆಕ್ಸಿಜನ್ ಸೂಚ್ಯಂಕ: ಎಸ್3 ಭಾಗಿಸು ಟಿಒಸಿ, ಗುಣಿಸು 100. ಬಂದದ್ದು 37.5.
ಉತ್ಪಾದನಾ ಸೂಚ್ಯಂಕ: ಎಸ್1 ಭಾಗಿಸು ಎಸ್1 ಮತ್ತು ಎಸ್2ರ ಮೊತ್ತ. ಬಂದದ್ದು 0.08.

ಈಗ ಅರ್ಥ ಮಾಡಿಕೊಳ್ಳೋಣ. ಟಿಒಸಿ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಬಡ ಕಲ್ಲು, 1ರಿಂದ 2 ಒಳ್ಳೆಯದು, 2ರಿಂದ 4 ಬಹಳ ಒಳ್ಳೆಯದು. ನಮ್ಮದು 2.40. ಎಸ್2 5ರಿಂದ 10 ಇದ್ದರೆ ಒಳ್ಳೆಯದು, ನಮ್ಮದು 7.20. ಟಿಒಸಿ "ಬಹಳ ಒಳ್ಳೆಯದು" ಅನ್ನುತ್ತಿದೆ, ಎಸ್2 "ಒಳ್ಳೆಯದು" ಅಷ್ಟೇ ಅನ್ನುತ್ತಿದೆ. ಇಂಥ ಕಡೆ ನಾನು ಎಸ್2 ಮಾತು ಕೇಳುತ್ತೇನೆ. ಇಂಗಾಲ ಎಷ್ಟಿದ್ದರೇನು, ಹೈಡ್ರೋಜನ್ ಜೊತೆಗಿಲ್ಲದ ಇಂಗಾಲ ಎಣ್ಣೆಯಾಗುವುದಿಲ್ಲ.

ಹೈಡ್ರೋಜನ್ ಸೂಚ್ಯಂಕ 50ರಿಂದ 200 ಇದ್ದರೆ ಗ್ಯಾಸ್, 200ರಿಂದ 300 ಎರಡೂ, 300ರ ಮೇಲೆ ಎಣ್ಣೆ, 600 ದಾಟಿದರೆ ಕೆರೆಯ ಪಾಚಿಯಂಥ ಅತಿ ಸಮೃದ್ಧ ಸರಕು. ಅಮೆರಿಕದ ಗ್ರೀನ್ ರಿವರ್ ಶೇಲ್ ಆ ಕೊನೆಯ ಜಾತಿಯದು, ಮೊದಲನೇ ಬಗೆಯ ಕೆರೋಜೆನ್. ಪ್ಯಾರಿಸ್ ಬೇಸಿನ್ನಿನ ಟೋಆರ್ಸಿಯನ್ ಶೇಲ್‌ನಲ್ಲಿರುವುದು ಸಮುದ್ರದ ಸೂಕ್ಷ್ಮಜೀವಿಗಳಿಂದ ಬಂದ ಎರಡನೇ ಬಗೆ. ನೆಲದ ಮರಗಿಡಗಳಿಂದ ಬಂದದ್ದು ಮೂರನೇ ಬಗೆ. ಕ್ಯಾಂಬೇ ಶೇಲ್‌ನಲ್ಲಿ ಎರಡನೆಯದೂ ಮೂರನೆಯದೂ ಬೆರೆತು ಸಿಗುವುದೇ ಜಾಸ್ತಿ.

ಮರಗಿಡದ್ದು ಅಂದಮಾತ್ರಕ್ಕೆ ಬರಿ ಗ್ಯಾಸ್ ಎಂದು ಬರೆದುಬಿಡಬೇಡಿ. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಕ್ಯಾಂಬೇ ಶೇಲ್ ಕಣ್ಣಿಗೇ ಕಾಣುತ್ತದೆ. ಅಲ್ಲಿ 5 ಕೋಟಿ ವರ್ಷ ಹಳೆಯ ಅಂಬರ್ ಸಿಗುತ್ತದೆ, ಒಳಗೆ ಕೀಟಗಳ ಸಮೇತ. ಅದು ಡಿಪ್ಟೆರೋಕಾರ್ಪ್ ಜಾತಿಯ ಮರಗಳ ರಾಳ. ನಮ್ಮ ದಕ್ಷಿಣ ಕನ್ನಡದ ರಸ್ತೆ ಬದಿಯ ಧೂಪದ ಮರ ಅದೇ ಕುಟುಂಬದ್ದು. ರಾಳದಲ್ಲಿ ಹೈಡ್ರೋಜನ್ ಜಾಸ್ತಿ. ರಾಳ ತುಂಬಿದ ಮರದ ಸರಕು ಎಣ್ಣೆಯನ್ನೂ ಕೊಡಬಲ್ಲದು, ಜೊತೆಗೆ ಟಿಮ್ಯಾಕ್ಸ್ ಅನ್ನು ಕೆಳಗೆಳೆಯಲೂ ಬಲ್ಲದು. ಇಲ್ಲಿ ಮೈಕ್ರೋಸ್ಕೋಪ್ ನೋಡಿದವರಿಗೇ ಸರಿಯುತ್ತರ.

ಇನ್ನು ಪಕ್ವತೆ. ಟಿಮ್ಯಾಕ್ಸ್ 435ಕ್ಕಿಂತ ಕಡಿಮೆ ಇದ್ದರೆ ಕಾಯಿ, 435ರಿಂದ ಸುಮಾರು 465ರವರೆಗೆ ಹಣ್ಣು, ಅಂದರೆ ಎಣ್ಣೆ ಹುಟ್ಟುವ ಹಂತ, 470 ದಾಟಿದರೆ ಗ್ಯಾಸಿನ ಹಂತ. ಮೊದಲನೇ ಬಗೆಯ ಕೆರೋಜೆನ್‌ನಲ್ಲಿ ಟಿಮ್ಯಾಕ್ಸ್ ಅಷ್ಟಾಗಿ ಏರುವುದೇ ಇಲ್ಲ, ಅದಕ್ಕೆ ಈ ಪಟ್ಟಿ ಹಿಡಿಯಬೇಡಿ. ನಮ್ಮ 438 ಈಗಷ್ಟೇ ಹಣ್ಣಾಗಲು ಶುರುವಾದ ಕಲ್ಲು. ಜಾರ್ವಿ ಮತ್ತು ಜೊತೆಗಾರರು ಅಮೆರಿಕದ ಬಾರ್ನೆಟ್ ಶೇಲ್ ನೋಡಿ 2001ರಲ್ಲಿ ಕೊಟ್ಟ ಸೂತ್ರವೂ ಇದೆ: 0.018 ಗುಣಿಸು ಟಿಮ್ಯಾಕ್ಸ್, ಕಳೆ 7.16. ನಮ್ಮದಕ್ಕೆ 0.72 ಬರುತ್ತದೆ. ಇದು ವಿಟ್ರಿನೈಟ್ ಪ್ರತಿಫಲನದ ಅಂದಾಜು ಮಾತ್ರ. ಮರಗಿಡಗಳಿಂದ ಬಂದ ವಿಟ್ರಿನೈಟ್ ಚೂರು ಮೈಕ್ರೋಸ್ಕೋಪ್ ಕೆಳಗೆ ಎಷ್ಟು ಬೆಳಕು ಹಿಂತಿರುಗಿಸುತ್ತದೆ ಎಂಬ ಅಳತೆ ಅದು, ಕಲ್ಲು ಬೆಂದಷ್ಟೂ ಏರುತ್ತದೆ. ವಿಟ್ರಿನೈಟ್ ಅಳೆಯಲು ಅವಕಾಶ ಇದ್ದರೆ ಅಳೆದೇ ಬಿಡಿ, ಸೂತ್ರದ ಮೇಲೆ ಭಾರ ಹಾಕಬೇಡಿ.

ಉತ್ಪಾದನಾ ಸೂಚ್ಯಂಕ ಎಣ್ಣೆಯ ಹಂತದಲ್ಲಿ 0.1ರಿಂದ 0.4 ಇರಬೇಕು. ನಮ್ಮದು 0.08, ಸ್ವಲ್ಪ ಕಡಿಮೆ. ಗಾಬರಿ ಬೇಡ. ಕಟಿಂಗ್ಸ್ ಮೇಲೆ ಬರುವಾಗ, ತೊಳೆಯುವಾಗ, ವರ್ಷಗಟ್ಟಲೆ ಚೀಲದಲ್ಲಿ ಕೂತಾಗ ಹಗುರ ಎಣ್ಣೆ ಹಾರಿಹೋಗಿರುತ್ತದೆ. ಟಿಮ್ಯಾಕ್ಸ್‌ನ ಮಾತಿಗೂ ಇದಕ್ಕೂ ಜಗಳ ಇಲ್ಲ.

ಆರನೇ ಹಂತ: ಎರಡು ಅಂಕಿ ಜಗಳವಾಡಿದರೆ

ಇನ್ನೊಂದು ಕಲ್ಪಿತ ಸ್ಯಾಂಪಲ್ ನೋಡಿ. ಎಸ್1 6.8, ಎಸ್2 3.1, ಟಿಒಸಿ 1.9, ಟಿಮ್ಯಾಕ್ಸ್ 402. ಉತ್ಪಾದನಾ ಸೂಚ್ಯಂಕ ಲೆಕ್ಕ ಹಾಕಿದರೆ 0.69. ಟಿಮ್ಯಾಕ್ಸ್ "ಇನ್ನೂ ಕಾಯಿ" ಅನ್ನುತ್ತಿದೆ. ಸೂಚ್ಯಂಕ "ಹಣ್ಣಾಗಿ ಮುಗಿದಿದೆ" ಅನ್ನುತ್ತಿದೆ. ಒಂದೇ ಮಾವಿನಕಾಯಿ ಎರಡೂ ಆಗಿರಲು ಸಾಧ್ಯವಿಲ್ಲ. ಅಂದರೆ ಈ ಎಣ್ಣೆ ಈ ಕಲ್ಲಿನದಲ್ಲ. ಹೊರಗಿಂದ ಬಂದದ್ದು. ಮಡ್ಡಿನ ಡೀಸೆಲ್ ಇರಬಹುದು, ಅಥವಾ ಕೆಳಗಿನಿಂದ ಹರಿದು ಬಂದು ಕೂತ ನಿಜವಾದ ಎಣ್ಣೆಯೂ ಇರಬಹುದು.

ಹೀಗಾದಾಗ ಪುಡಿಯನ್ನು ಸಾಕ್ಸ್‌ಲೆಟ್‌ನಲ್ಲಿಟ್ಟು (ದ್ರಾವಕವನ್ನು ಮತ್ತೆ ಮತ್ತೆ ಹರಿಸಿ ತೊಳೆಯುವ ಗಾಜಿನ ಸಾಧನ) ಡೈಕ್ಲೋರೋಮೀಥೇನ್ ಮತ್ತು ಮೆಥನಾಲ್ ಮಿಶ್ರಣದಿಂದ ತೊಳೆಯಬೇಕು. ದ್ರಾವಕ ಬಣ್ಣ ಬಿಡುವುದು ನಿಲ್ಲುವವರೆಗೆ, ಒಂದು ದಿನವಾದರೂ. ಫ್ಯೂಮ್ ಹುಡ್ ಒಳಗೇ ಮಾಡಿ, ಎರಡೂ ಉಸಿರಿಗೆ ಕೆಟ್ಟವು. ಒಣಗಿಸಿ ಮತ್ತೆ ಓಡಿಸಿದರೆ ಹೀಗೆ ಬರಬಹುದು: ಎಸ್1 0.05, ಎಸ್2 1.9, ಟಿಒಸಿ 1.24, ಟಿಮ್ಯಾಕ್ಸ್ 437. ಮೊದಲು ನೋಡಿದ ಎಸ್2ರಲ್ಲಿ 1.2 ಭಾಗ ಕೆರೋಜೆನ್ ಅಲ್ಲ, ಭಾರವಾದ ಎಣ್ಣೆಯ ಬಾಲ. ಟಿಒಸಿ ಇಳಿದದ್ದೂ ಲೆಕ್ಕಕ್ಕೆ ಕೂಡುತ್ತದೆ. ಹೋದ ಎಣ್ಣೆ 7.95 ಮಿಲಿಗ್ರಾಂ, ಅದರಲ್ಲಿ ಶೇಕಡಾ 83 ಇಂಗಾಲ ಎಂದು ಹಿಡಿದರೆ 6.6 ಮಿಲಿಗ್ರಾಂ, ಅಂದರೆ ಶೇಕಡಾ 0.66. 1.9ರಲ್ಲಿ 0.66 ಕಳೆದರೆ 1.24. ಹೀಗೆ ಎರಡು ಓಟದ ಅಂಕಿಗಳು ಒಂದಕ್ಕೊಂದು ಕೂಡಿಬಂದಾಗ ಮನಸ್ಸಿಗೆ ಒಂದು ನೆಮ್ಮದಿ ಸಿಗುತ್ತದೆ. ಆ ನೆಮ್ಮದಿ ಸಿಗುವವರೆಗೆ ಸ್ಯಾಂಪಲ್ ಬಿಡಬೇಡಿ.

ತೊಳೆದದ್ದು, ತೊಳೆಯದ್ದು, ಎರಡರ ಫಲಿತಾಂಶವನ್ನೂ ವರದಿಯಲ್ಲಿ ಕೊಡಿ. ಎಸ್1 ತೊಳೆಯದ್ದರದ್ದು, ಎಸ್2 ಮತ್ತು ಟಿಮ್ಯಾಕ್ಸ್ ತೊಳೆದದ್ದರದ್ದು.

ಜೇಡಿಮಣ್ಣು ಹಿಡಿದಿಟ್ಟುಕೊಳ್ಳುವುದು

ಟಿಒಸಿ ಕಡಿಮೆ ಇರುವ ಜೇಡಿ ಶೇಲ್‌ನಲ್ಲಿ ಇನ್ನೊಂದು ತೊಂದರೆ. ಕೆರೋಜೆನ್ ಒಡೆದು ಬಂದ ಹೈಡ್ರೋಕಾರ್ಬನ್‌ನಲ್ಲಿ ಒಂದು ಪಾಲನ್ನು ಜೇಡಿ ಖನಿಜಗಳು ಹಿಡಿದಿಟ್ಟುಕೊಳ್ಳುತ್ತವೆ, ಡಿಟೆಕ್ಟರ್‌ವರೆಗೆ ಬಿಡುವುದಿಲ್ಲ. ಎಸ್2 ಕಡಿಮೆಯಾಗಿ, ಹೈಡ್ರೋಜನ್ ಸೂಚ್ಯಂಕ ಬಿದ್ದು, ಎಣ್ಣೆ ಕಲ್ಲು ಗ್ಯಾಸ್ ಕಲ್ಲಿನಂತೆ ಕಾಣುತ್ತದೆ.

ಇದನ್ನು ಹಿಡಿಯುವ ಉಪಾಯ ಸರಳ. ಒಂದೇ ಪದರದ ಹತ್ತಿಪ್ಪತ್ತು ಸ್ಯಾಂಪಲ್ ತೆಗೆದುಕೊಂಡು, ಅಡ್ಡಕ್ಕೆ ಟಿಒಸಿ, ಉದ್ದಕ್ಕೆ ಎಸ್2 ಹಾಕಿ ಗೆರೆ ಎಳೆಯಿರಿ. ಗೆರೆ ಮೂಲೆಯಿಂದ ಹೊರಡದೆ ಟಿಒಸಿ ಅಕ್ಷದ ಮೇಲೆ 0.3ರಲ್ಲೋ 0.5ರಲ್ಲೋ ಕಡಿದರೆ, ಅಷ್ಟು ಇಂಗಾಲದ ಫಲ ಡಿಟೆಕ್ಟರ್‌ಗೆ ಬರಲಿಲ್ಲ ಎಂದರ್ಥ. ಒಂದೋ ಜೇಡಿ ಹಿಡಿದಿದೆ, ಇಲ್ಲವೇ ಆ ಇಂಗಾಲ ಸತ್ತದ್ದು, ಹೈಡ್ರೋಕಾರ್ಬನ್ ಕೊಡದ್ದು. ಗೆರೆಯ ಏರಿಕೆಯನ್ನು 100ರಿಂದ ಗುಣಿಸಿದರೆ ಸಿಗುವ ಹೈಡ್ರೋಜನ್ ಸೂಚ್ಯಂಕ ಬಿಡಿ ಸ್ಯಾಂಪಲ್‌ನದಕ್ಕಿಂತ ನಂಬಿಕೆಗೆ ಯೋಗ್ಯ. ಲ್ಯಾಂಗ್‌ಫರ್ಡ್ ಮತ್ತು ಬ್ಲಾಂಕ್-ವಾಲೆರಾನ್ 1990ರಲ್ಲಿ ತೋರಿಸಿಕೊಟ್ಟ ದಾರಿ ಇದು. ಎಕ್ಸೆಲ್‌ನಲ್ಲಿ ಐದು ನಿಮಿಷದ ಕೆಲಸ.

ಒಣಗಿದ ಸಿಪ್ಪೆಯನ್ನು ಬೈಯಬೇಡಿ

ಟಿಒಸಿ 2, ಎಸ್2 0.3, ಹೈಡ್ರೋಜನ್ ಸೂಚ್ಯಂಕ 15. ಇದು ಕೆಲಸಕ್ಕೆ ಬಾರದ ಕಲ್ಲು ಎಂದು ಬರೆಯುವ ಮೊದಲು ಅದು ಎಷ್ಟು ಬೆಂದಿದೆ ನೋಡಿ. ಆಲೆಮನೆ ಹಿಂದೆ ಕಬ್ಬಿನ ಸಿಪ್ಪೆಯ ರಾಶಿ ಕಂಡರೆ ರಸ ಇಲ್ಲ ಅನ್ನುವುದು ನಿಜ, ಆದರೆ ರಸ ಎಲ್ಲೋ ಕೊಪ್ಪರಿಗೆಗೆ ಹೋಗಿದೆ ಅನ್ನುವುದೂ ನಿಜ. ರಾಕ್-ಇವಾಲ್ ಹೇಳುವುದು ಈ ಕಲ್ಲಿನಲ್ಲಿ ಈಗ ಉಳಿದಿರುವುದನ್ನು ಮಾತ್ರ. ವಿಟ್ರಿನೈಟ್ 1.5 ದಾಟಿದ್ದರೆ ಆ ಕಲ್ಲು ತನ್ನ ಎಣ್ಣೆಯನ್ನು ಯಾವಾಗಲೋ ಕೊಟ್ಟುಬಿಟ್ಟಿರಬಹುದು. ಅದೇ ಪದರ ಬೇಸಿನ್ನಿನ ಅಂಚಿನಲ್ಲಿ, ಕಡಿಮೆ ಆಳದಲ್ಲಿ ಸಿಕ್ಕರೆ ಆ ಸ್ಯಾಂಪಲ್ ಓಡಿಸಿ, ಮೊದಲು ಹೇಗಿತ್ತು ಎಂದು ತಿಳಿಯಿರಿ.

ಕ್ಯಾಂಬೇಯಲ್ಲಿ ಈ ಹೋಲಿಕೆ ಚೆನ್ನಾಗಿ ನಡೆಯುತ್ತದೆ. ಬೇಸಿನ್ನಿನ ತಳದಲ್ಲಿ ಇರುವುದು ಡೆಕ್ಕನ್ ಟ್ರ್ಯಾಪ್, ನಮ್ಮ ವಿಜಯಪುರ, ಬೀದರ್ ಕಡೆ ಹೊಲದಲ್ಲಿ ಕಾಣುವ ಅದೇ ಕರಿಕಲ್ಲು. ಅದರ ಮೇಲೆ ಓಲ್ಪಾಡ್ ಪದರ, ಅದರ ಮೇಲೆ ಕ್ಯಾಂಬೇ ಶೇಲ್. ಬೇಸಿನ್ನಿನ ತಗ್ಗುಗಳಲ್ಲಿ ಅದು ಆಳಕ್ಕೆ ಹೂತು ಬೆಂದಿದೆ, ಅಂಚಿನಲ್ಲಿ ಹಸಿಯಾಗಿದೆ. 1958ರಲ್ಲಿ ಖಂಭಾತ್ ಹತ್ತಿರದ ಲುನೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಸಿಕ್ಕ ಎಣ್ಣೆಯ ತಾಯಿ ಈ ಶೇಲ್ ಎಂದೇ ಭೂವಿಜ್ಞಾನಿಗಳು ಹಿಡಿಯುತ್ತಾರೆ.

ಬೇರೆ ಪರೀಕ್ಷೆಗಳು ಯಾವಾಗ ಬೇಕು

ಕಾಲೇಜಿನಲ್ಲಿ ರಾಕ್-ಇವಾಲ್ ಇಲ್ಲ, ಟಿಜಿಎ ಇದೆ ಎಂದು ಹಲವರು ಕೇಳುತ್ತಾರೆ. ಟಿಜಿಎ ಅಂದರೆ ಕಾಯಿಸುತ್ತಾ ತೂಕ ಇಳಿಯುವುದನ್ನು ನೋಡುವ ಯಂತ್ರ. ಸುಮ್ನೆ ಅದೊಂದನ್ನೇ ನಂಬಿ ಮೂಲಶಿಲೆಯ (ಎಣ್ಣೆ ಹುಟ್ಟಿಸುವ ಕಲ್ಲಿನ) ಮಾತಾಡಬೇಡಿ. 150 ಡಿಗ್ರಿ ಒಳಗೆ ಹೋದ ತೂಕ ನೀರು. 400ರಿಂದ 600ರ ನಡುವೆ ಹೋದದ್ದು ಕೆರೋಜೆನ್ನೋ, ಜೇಡಿ ಖನಿಜದೊಳಗೆ ಕಟ್ಟಿಕೊಂಡಿದ್ದ ನೀರೋ? ತಕ್ಕಡಿಗೆ ಗೊತ್ತಿಲ್ಲ. 600ರ ಮೇಲೆ ಹೋದದ್ದು ಬಹುಪಾಲು ಸುಣ್ಣ ಒಡೆದದ್ದು. ಟಿಜಿಎಗೆ ಮಾಸ್ ಸ್ಪೆಕ್ಟ್ರೋಮೀಟರ್ ಅಥವಾ ಇನ್‌ಫ್ರಾರೆಡ್ ಜೋಡಿಸಿದ್ದರೆ ಕಥೆ ಬೇರೆ. ಆಗ ಹೊರಬಂದದ್ದು ಯಾವುದು ಎಂದು ಗೊತ್ತಾಗುತ್ತದೆ, ಬಹಳ ಉಪಯೋಗಕ್ಕೂ ಬರುತ್ತದೆ.

ಎಣ್ಣೆ ಶೇಲ್‌ನಿಂದ ನೇರವಾಗಿ ಎಷ್ಟು ಎಣ್ಣೆ ಇಳಿಸಬಹುದು ಎಂಬ ಪ್ರಶ್ನೆಗೆ ಫಿಷರ್ ಅಸ್ಸೇ ಇದೆ. 100 ಗ್ರಾಂ ಪುಡಿಯನ್ನು ನಿಮಿಷಕ್ಕೆ 12 ಡಿಗ್ರಿಯಂತೆ 500ಕ್ಕೆ ಏರಿಸಿ 40 ನಿಮಿಷ ಹಿಡಿದು, ಬಂದ ಎಣ್ಣೆಯನ್ನು ತಣಿಸಿ ಅಳೆಯುತ್ತಾರೆ. ಎಣ್ಣೆಯಲ್ಲಿ ಯಾವ ಯಾವ ಅಣುಗಳಿವೆ ಎಂದು ತಿಳಿಯಲು ಪೈರಾಲಿಸಿಸ್ ಜೊತೆ ಗ್ಯಾಸ್ ಕ್ರೊಮ್ಯಾಟೋಗ್ರಫಿ.

ಎಣ್ಣೆ ಯಾವ ಕಾಲದಲ್ಲಿ, ಯಾವ ಆಳದಲ್ಲಿ ಹುಟ್ಟಿತು ಎಂದು ಮಾಡೆಲ್ ಮಾಡುವವರಿಗೆ ಕೈನೆಟಿಕ್ಸ್ ಬೇಕು. ಒಂದೇ ಸ್ಯಾಂಪಲ್ ಅನ್ನು ಮೂರು ನಾಲ್ಕು ಬೇರೆ ವೇಗದಲ್ಲಿ ಕಾಯಿಸುತ್ತಾರೆ. ವೇಗ ಹೆಚ್ಚಿದಷ್ಟೂ ಎಸ್2 ತುದಿ ಹೆಚ್ಚು ಬಿಸಿಗೆ ಸರಿಯುತ್ತದೆ. ಆ ಸರಿತದಿಂದ ಕೆರೋಜೆನ್ ಒಡೆಯಲು ಬೇಕಾದ ಶಕ್ತಿ ಲೆಕ್ಕಕ್ಕೆ ಸಿಗುತ್ತದೆ, ಅದನ್ನು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಡಿಗ್ರಿ ಏರುವ ನೆಲದ ಉರಿಗೆ ಹೊಂದಿಸುತ್ತಾರೆ. ಇದಕ್ಕೆ ಹಸಿ ಕಲ್ಲೇ ಬೇಕು, ಬೆಂದದ್ದು ಆಗುವುದಿಲ್ಲ.

ಕೊನೆಯ ಹಂತ: ಎತ್ತಿಡುವುದು

ವರದಿಯ ಕೋಷ್ಟಕದಲ್ಲಿ ಪ್ರತಿ ಸಾಲಿಗೂ ಒಂದು ಷರಾ ಕಾಲಂ ಇಡಿ. ಕಟಿಂಗ್ಸೋ ಕೋರೋ, ಮಡ್ ಯಾವುದು, ತೊಳೆದದ್ದೋ ಅಲ್ಲವೋ, ಟಿಮ್ಯಾಕ್ಸ್ ಹೊಡೆದುಹಾಕಿದ್ದರೆ ಯಾಕೆ. ಹೊಡೆದ ಅಂಕಿಯನ್ನು ಅಳಿಸಬೇಡಿ, ಮೇಲೊಂದು ಗೆರೆ ಎಳೆದು ಬಿಡಿ. ಎಲ್ಲ ಪೈರೋಗ್ರಾಮ್‌ಗಳನ್ನೂ ಅನುಬಂಧದಲ್ಲಿ ಸೇರಿಸಿ, ಪುಟ ಜಾಸ್ತಿಯಾಯಿತು ಎಂದು ಗೈಡ್ ಗೊಣಗಿದರೂ ಸರಿ.

ಉಳಿದ ಪುಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡಿ. ಪ್ಲಾಸ್ಟಿಕ್‌ನ ಜಿಡ್ಡು ಪುಡಿಗೆ ಇಳಿಯುತ್ತದೆ. ಗಾಜಿನ ಸೀಸೆಯಲ್ಲಿ ಹಾಕಿ, ಮುಚ್ಚಳದ ಒಳಗೆ ಫಾಯಿಲ್ ಇಟ್ಟು, ಬಾವಿಯ ಹೆಸರು, ಆಳ, ಅರೆದ ದಿನಾಂಕ ಪೆನ್ಸಿಲ್‌ನಲ್ಲಿ ಬರೆದು ಅಂಟಿಸಿ. ಪೆನ್ನಿನ ಶಾಯಿ ದ್ರಾವಕ ತಾಗಿದರೆ ಅಳಿಸಿಹೋಗುತ್ತದೆ. ಆಮೇಲೆ ಸೀಸೆಯನ್ನು ತಂಪಾದ, ಬಿಸಿಲು ಬೀಳದ ಕಪಾಟಿನಲ್ಲಿಡಿ.